ಬೋರ್‌ವೆಲ್ ಬಿಟ್‌ನ ಗುಂಡಿಗಳು ಯಾವುದರಿಂದ ಮಾಡಿದವು?

ಪ್ರಶ್ನೆ: ನಮ್ಮ ತೋಟದಲ್ಲಿ ಕೊಳವೆಬಾವಿ ಕೊರೆಸುವಾಗ ಬಿಟ್‌ನ (ಬಂಡೆ ಕೊರೆಯುವ ತುದಿಯ) ಮುಖದಲ್ಲಿ ಸಣ್ಣ, ಉಬ್ಬಿದ ಗುಂಡಿಗಳಿರುವುದನ್ನು ಕಂಡೆ. ಅವು ಕಾರ್ಬೈಡ್ ಎಂದರು ರಿಗ್‌ನವರು. ಮಾವು ಮಾಗಿಸಲು ಇಡುವ ಕಾರ್ಬೈಡ್ ನೀರು ತಾಗಿದರೆ ಪುಡಿಯಾಗುತ್ತದೆ. ಇದು ಕಗ್ಗಲ್ಲನ್ನು ಒಡೆಯುವುದು ಹೇಗೆ? ಅಷ್ಟು ಗಟ್ಟಿಯಾಗಿದ್ದರೆ ಇಡೀ ಬಿಟ್ಟನ್ನೇ ಅದರಿಂದ ಏಕೆ ಮಾಡುವುದಿಲ್ಲ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಎರಡರಲ್ಲೂ ಇಂಗಾಲವಿದೆ ಎಂಬುದನ್ನು ಬಿಟ್ಟರೆ ಅವುಗಳ ಗುಣಗಳಲ್ಲಿ ಹೋಲಿಕೆಯಿಲ್ಲ. ಮಾವಿಗೆ ಇಡುವುದು ಕ್ಯಾಲ್ಸಿಯಂ ಕಾರ್ಬೈಡ್. ತೇವ ತಾಗಿದೊಡನೆ ಅದು ಅಸಿಟಿಲೀನ್ ಅನಿಲವನ್ನು ಬಿಟ್ಟು ಸುಣ್ಣವಾಗುತ್ತದೆ. (ಹಣ್ಣು ಮಾಗಿಸಲು ಅದನ್ನು ಬಳಸುವುದು ಕಾನೂನಿಗೆ ವಿರುದ್ಧ.) ನೀವು ಕಂಡದ್ದು ಟಂಗ್‌ಸ್ಟನ್ ಕಾರ್ಬೈಡ್. ಮೋಸ್ ಮಾಪಕದಲ್ಲಿ ವಜ್ರದ ಕಾಠಿಣ್ಯ 10, ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನದು 7. ಇದರದು 9ರ ಆಸುಪಾಸು. ತೂಕದಲ್ಲಿ ಉಕ್ಕಿಗಿಂತ ಸುಮಾರು ಎರಡು ಪಟ್ಟು, ಕರಗಲು 2,700 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು.

ಆದರೆ ಗಟ್ಟಿತನವೊಂದೇ ಇದ್ದಿದ್ದರೆ ಈ ವಸ್ತುವಿನಿಂದ ಯಾರಿಗೂ ಪ್ರಯೋಜನವಾಗುತ್ತಿರಲಿಲ್ಲ. ಶುದ್ಧ ಟಂಗ್‌ಸ್ಟನ್ ಕಾರ್ಬೈಡ್ ಬಲವಾದ ಪೆಟ್ಟಿಗೆ ಸಿಡಿದುಹೋಗುತ್ತದೆ. ಬರ್ಲಿನ್ನಿನ ಓಸ್ರಾಮ್ ಬಲ್ಬ್ ಕಂಪನಿಯಲ್ಲಿ, ಫಿಲಮೆಂಟಿನ ತಂತಿಯನ್ನೆಳೆಯುವ ದುಬಾರಿ ವಜ್ರದ ಅಚ್ಚುಗಳಿಗೆ ಬದಲಿ ಹುಡುಕುತ್ತಿದ್ದ ಕಾರ್ಲ್ ಶ್ರೋಟರ್, ಕಾರ್ಬೈಡಿನ ಪುಡಿಗೆ ಕೋಬಾಲ್ಟಿನಂಥ ಲೋಹದ ಪುಡಿಯನ್ನು ಸ್ವಲ್ಪ ಬೆರೆಸಿ, ಒತ್ತಿ, ಕಾಯಿಸುವ ವಿಧಾನಕ್ಕೆ 1923ರಲ್ಲಿ ಪೇಟೆಂಟ್ ಕೋರಿದರು. ಸುಮಾರು 1,400 ಡಿಗ್ರಿಯಲ್ಲಿ ಕೋಬಾಲ್ಟ್ ದ್ರವವಾಗಿ ಕಾರ್ಬೈಡಿನ ಕಣಗಳ ನಡುವೆ ಹರಿದು, ಗೋಡೆಯ ಕಲ್ಲುಗಳ ಸಂದಿನಲ್ಲಿ ಗಾರೆ ಕೂರುವಂತೆ ಕೂರುತ್ತದೆ. ಕೆಲವೇ ವರ್ಷಗಳಲ್ಲಿ ಜರ್ಮನಿಯ ಕ್ರುಪ್ ಕಂಪನಿ ಇದನ್ನು ‘ವಿಡಿಯಾ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ನಮ್ಮ ಲೇತ್ ಕೆಲಸಗಾರರಲ್ಲಿ ಅನೇಕರು ಇಂದಿಗೂ ವಿಡಿಯಾ ಟೂಲ್ ಎನ್ನುವುದು ಇದನ್ನೇ. ಲೋಹ ಕತ್ತರಿಸಲು ಬಳಸುವ ಸಾಮಾನ್ಯ ಹೈಸ್ಪೀಡ್ ಸ್ಟೀಲ್ ಸುಮಾರು 600 ಡಿಗ್ರಿಯಲ್ಲಿ ಮೆತ್ತಗಾದರೆ ಕಾರ್ಬೈಡ್ ಟಿಪ್ ಅದಕ್ಕೂ ಹೆಚ್ಚಿನ ಬಿಸಿಯಲ್ಲಿ ಹರಿತ ಉಳಿಸಿಕೊಳ್ಳುವುದರಿಂದ, ಲೇತನ್ನು ಹಲವು ಪಟ್ಟು ವೇಗದಲ್ಲಿ ಓಡಿಸಲು ಸಾಧ್ಯವಾಯಿತು. ನಿಮ್ಮ ಬಾಲ್‌ಪೆನ್ನಿನ ತುದಿಯ ಗುಂಡೂ ಬಹುಮಟ್ಟಿಗೆ ಇದೇ.

ಕೋಬಾಲ್ಟ್ ಹೆಚ್ಚಿದಷ್ಟೂ ಪೆಟ್ಟು ತಾಳುವ ಗುಣ ಹೆಚ್ಚುತ್ತದೆ, ಗಟ್ಟಿತನ ಇಳಿಯುತ್ತದೆ. ಕಲ್ಲು ಕೊರೆಯುವ ಗುಂಡಿಗಳಿಗೆ ದಪ್ಪ ಕಣಗಳನ್ನು ಆರಿಸುವುದೂ ಪೆಟ್ಟಿನ ದೃಷ್ಟಿಯಿಂದಲೇ. ರಿಗ್‌ನ ಹ್ಯಾಮರ್ ಬಡಿದಾಗ ಗುಂಡಿಗಳು ಬಂಡೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತವೆ. ಒತ್ತಡವನ್ನು ಅದ್ಭುತವಾಗಿ ತಾಳುವ ಈ ವಸ್ತು ಎಳೆತಕ್ಕೂ ಬಾಗುವಿಕೆಗೂ ಅಷ್ಟು ಒಗ್ಗುವುದಿಲ್ಲವಾದ್ದರಿಂದ, ಬಾಗುವ, ತಿರುಚುವ ಹೊರೆಯನ್ನೆಲ್ಲ ಉಕ್ಕಿನ ಒಡಲಿಗೆ ಬಿಟ್ಟು, ಬಂಡೆಗೆ ತಾಗುವ ಕಡೆ ಮಾತ್ರ ಗುಂಡಿಗಳನ್ನು ಬಿಗಿಯಾಗಿ ಕೂರಿಸುತ್ತಾರೆ. ಇಡೀ ಬಿಟ್ಟನ್ನೇ ಇದರಿಂದ ಮಾಡಿದರೆ ಬೆಲೆ ವಿಪರೀತ ಏರುವುದಲ್ಲದೆ ಅದು ಬೇಗ ಸೀಳಿಯೂ ಹೋಗುತ್ತದೆ.

ಸವೆದು ಚಪ್ಪಟೆಯಾದ ಗುಂಡಿಗಳನ್ನು ವಜ್ರ ಕೂರಿಸಿದ ಗ್ರೈಂಡರಿನಿಂದ ಮತ್ತೆ ದುಂಡಗೆ ಮಾಡಬಹುದು. ಆಗ ಏಳುವ ಕೋಬಾಲ್ಟ್ ಬೆರೆತ ಧೂಳು ಶ್ವಾಸಕೋಶಕ್ಕೆ ನಿಜವಾಗಿಯೂ ಹಾನಿಕರ; ಈ ಕೆಲಸ ಮಾಡುವವರು ನೀರು ಹರಿಸಿಕೊಂಡು, ಸರಿಯಾದ ಮಾಸ್ಕ್ ಧರಿಸಿಯೇ ಮಾಡಬೇಕು. ತೀರ ಸವೆದ ಗುಂಡಿಗಳನ್ನು ಎಸೆಯಬೇಡಿ. ಟಂಗ್‌ಸ್ಟನ್ ಮತ್ತು ಕೋಬಾಲ್ಟನ್ನು ಮರಳಿ ಪಡೆಯಬಹುದಾದ್ದರಿಂದ ಗುಜರಿಯಲ್ಲಿ ಅವಕ್ಕೆ ಕಬ್ಬಿಣಕ್ಕಿಂತ ಬಹಳ ಹೆಚ್ಚಿನ ಬೆಲೆಯಿದೆ.