ಪ್ರತಿಕ್ರಿಯೆ: ತಾಂಡಾ ಶಾಲೆ ವಿಲೀನ, ಸಹಿ ಹಾಕಬೇಕಾ?

ಚಿಂಚೋಳಿ ಕಡೆಯ ನಿಮ್ಮ ತಾಂಡಾದ 1ರಿಂದ 5ನೇ ತರಗತಿ ಶಾಲೆಯನ್ನು 2 ಕಿ.ಮೀ. ಆಚೆಯ ಶಾಲೆಗೆ ಸೇರಿಸ್ತಾರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಹಿ ಕೇಳ್ತಿದ್ದಾರೆ ಅಂದ್ರಿ. ನಡಾವಳಿ ಪುಸ್ತಕದ ಖಾಲಿ ಹಾಳೆಗೆ ಮಾತ್ರ ಸಹಿ ಬೇಡ. ಆಮೇಲೆ ಅದರಲ್ಲಿ ‘ಪೋಷಕರು ಒಪ್ಪಿದ್ದಾರೆ’ ಅಂತ ಬರೆದುಕೊಂಡರೆ ಯಾರನ್ನು ಕೇಳ್ತೀರಿ?

ಶಿಕ್ಷಣ ಹಕ್ಕು ನಿಯಮದ ಪ್ರಕಾರ 1ರಿಂದ 5ರವರೆಗಿನ ಮಕ್ಕಳಿಗೆ ಶಾಲೆ 1 ಕಿ.ಮೀ. ಒಳಗಿರಬೇಕು, 6ರಿಂದ 8ಕ್ಕೆ 3 ಕಿ.ಮೀ. ನಿಮ್ಮ ಬಲ ಇಲ್ಲೇ ಇದೆ. ದೂರವನ್ನು ನಕ್ಷೆ ಮೇಲೆ ನೇರ ಗೆರೆ ಎಳೆದು ಅಳೆಯಬೇಡಿ, ಮಕ್ಕಳು ನಡೆಯುವ ದಾರಿಯಲ್ಲೇ ಅಳೆಯಿರಿ. ನಡುವೆ ಹಳ್ಳ ಇದ್ದರೆ ಆಕ್ಷೇಪಣೆ ಪತ್ರಕ್ಕೆ ಮಳೆಗಾಲದ ಫೋಟೊ ಲಗತ್ತಿಸಿ.

ಹೆಚ್ಚಿನವರು ಎಡವೋದು ಹಾಜರಾತಿಯಲ್ಲಿ. ದೀಪಾವಳಿ ಆಸುಪಾಸಿನಲ್ಲಿ ಕಬ್ಬು ಕಡಿಯಲು ಮನೆಮಂದಿಯೆಲ್ಲ ಗುಳೆ ಹೋದಮೇಲೆ ತಲೆ ಎಣಿಸಿದರೆ ಶಾಲೆ ಖಾಲಿಯೇ ಕಾಣೋದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹಾಜರಾತಿ ಪ್ರತಿ, ಜೊತೆಗೆ ಬರುವ ವರ್ಷ ಒಂದನೇ ತರಗತಿಗೆ ಸೇರುವ ಅಂಗನವಾಡಿ ಮಕ್ಕಳ ಪಟ್ಟಿ ಇಡಿ.

ಆಕ್ಷೇಪಣೆಯನ್ನು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಕೊಟ್ಟು ನಿಮ್ಮ ಪ್ರತಿ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಮತ್ತು ಶಿಕ್ಷಣ ಇಲಾಖೆಯ ಕಲಬುರಗಿ ಅಪರ ಆಯುಕ್ತರ ಕಚೇರಿಗೂ ಒಂದೊಂದು ಪ್ರತಿ ಹೋಗಲಿ. ಬಾಯಿಮಾತಿನ ತಕರಾರು ಫೈಲಿನಲ್ಲಿ ಉಳಿಯೋದಿಲ್ಲ.

ವಿಲೀನ ಆಗಿಯೇ ಬಿಟ್ಟರೆ ಸಮಗ್ರ ಶಿಕ್ಷಾ ಯೋಜನೆಯ ಸಾರಿಗೆ ಭತ್ಯೆ ಕೇಳಿ, ಒಂದು ಮಗುವಿಗೆ ವರ್ಷಕ್ಕೆ 6000 ರೂ. ತನಕ ಅವಕಾಶವಿದೆ. ಹೊಸ ಶಾಲೆಯಲ್ಲಿ ಸ್ಯಾಟ್ಸ್ ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ವರ್ಗವಾಗಿದೆಯಾ ನೋಡಿ, ಟಿಸಿ ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ. ಮೊದಲು ಶಾಲೆ ಬಿಡೋದು ತಮ್ಮ-ತಂಗಿಯನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು, ಅವರ ಹೆಸರು ಬೇರೆಯಾಗಿ ಬರೆದಿಡಿ.