ಚಂದ್ರಕಾಳಿ ಸೀರೆಗೆ ಟ್ರೇಸಿಂಗ್ ಬೇಡ, ಎಳೆ ಎಣಿಸಿ

ಅಕ್ಕಾ, ಅಜ್ಜಿಯ ಮದುವೆಯ ಚಂದ್ರಕಾಳಿ ಸೀರೆ (ಕಸೂತಿ ಹಾಕಿದ ಕಪ್ಪು ಸೀರೆ) ಮಡಿಕೆಯಲ್ಲೇ ಹರಿಯುತ್ತಿದೆ, ಮಗಳ ಮದುವೆಗೆ ಅಂಥದ್ದೇ ಒಂದಕ್ಕೆ ಕೈಯಾರೆ ಕಸೂತಿ ಹಾಕಬೇಕು, ಕಾರ್ಬನ್ ಇಟ್ಟು ಟ್ರೇಸ್ ಮಾಡಬಹುದಾ ಅಂತ ಕೇಳಿದ್ದೀರಿ. ಬೇಡ. ನಮ್ಮ ಉತ್ತರ ಕರ್ನಾಟಕದ ಕಸೂತಿಗೆ ಗೆರೆ ಎಳೆಯುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗೆರೆ ಹಿಡಿದು ಹೊರಟರೆ ಗೋಪುರದ ಚಿತ್ರದಲ್ಲಿ ಒಂದೊಂದು ಮೆಟ್ಟಿಲೂ ಒಂದೊಂದು ಅಳತೆ ಆಗುತ್ತದೆ.

ಮೊದಲು ಹಳೆ ಸೀರೆ. ಅದಕ್ಕೆ ಇಸ್ತ್ರಿ ಬೇಡ, ತೂಗುಹಾಕುವುದೂ ಬೇಡ. ಬಿಳಿ ಹತ್ತಿ ಬಟ್ಟೆಯ ಮೇಲೆ ಹರವಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಗವಂತಿ (ಹೋಗಿ ಬಂದು ತುಂಬುವ ಗೆರೆ ಹೊಲಿಗೆ), ಮುರ್ಗಿ (ಅದನ್ನೇ ಮೆಟ್ಟಿಲಿನಂತೆ ಹಾಕುವುದು) ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ. ನೇಗಿ (ನೇಯ್ದಂತೆ ಕಾಣುವ ಸಾಲು ಹೊಲಿಗೆ) ಹಾಗಲ್ಲ, ಮುಂದೆ ದಾರ ಇದ್ದಲ್ಲಿ ಹಿಂದೆ ಖಾಲಿ. ಆಮೇಲೆ ಗ್ರಾಫ್ ಹಾಳೆಯಲ್ಲಿ ಒಂದು ಹೊಲಿಗೆಗೆ ಒಂದು ಚೌಕದಂತೆ ಬರೆದುಕೊಳ್ಳಿ. ಯಾವುದು ಎಲ್ಲಿತ್ತು ಅನ್ನುವುದನ್ನೂ ಗುರುತು ಮಾಡಿ. ಸಾಮಾನ್ಯವಾಗಿ ದೊಡ್ಡ ಗೋಪುರ, ತೇರು, ಆನೆ ಸೆರಗಿನ ಹತ್ತಿರ ಇರುತ್ತವೆ. ಒಡಲಿನ ಕಡೆ ಬಂದಂತೆ ಚಿತ್ರ ಸಣ್ಣದಾಗುತ್ತದೆ.

ಬಟ್ಟೆ ಆರಿಸುವಾಗ ಬಣ್ಣಕ್ಕಿಂತ ನೇಯ್ಗೆ ನೋಡಿ. ಹಾಸು (ಉದ್ದ ಎಳೆ), ಹೊಕ್ಕು (ಅಡ್ಡ ಎಳೆ) ಎರಡರಲ್ಲೂ ಒಂದು ಇಂಚಿಗೆ ಎಷ್ಟು ಎಳೆ ಅಂತ ಎಣಿಸಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದ್ದರೆ ಗೋಪುರ ಕುಳ್ಳಾಗುತ್ತದೆ, ಇಲ್ಲವೇ ಸುಮ್ನೆ ಉದ್ದವಾಗುತ್ತದೆ. ಕ್ರೇಪ್‌ನಲ್ಲಿ ಎಳೆ ಎಣಿಸುವುದು ಕಷ್ಟ. ಅದೇ ಬೇಕು ಅಂದರೆ ಮೇಲೆ ಕ್ಯಾನ್ವಾಸ್ (ಚೌಕ ಚೌಕದ ಜಾಲರಿ ಬಟ್ಟೆ) ಇಟ್ಟು ಸಡಿಲವಾಗಿ ಟಾಕು ಹಾಕಿ, ಅದರ ಚೌಕ ಹಿಡಿದು ಹಾಕಿ, ಕೊನೆಗೆ ಕ್ಯಾನ್ವಾಸಿನ ಎಳೆ ಒಂದೊಂದಾಗಿ ಎಳೆದುಬಿಡಿ. ಕಪ್ಪು ಸೀರೆ, ಕೆಂಪು ದಾರ ಎರಡನ್ನೂ ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಪಕ್ಕದ ಬಿಳಿ ದಾರದ ಕಥೆ ಮುಗಿಯಿತು.

ಗವಂತಿಯಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದು ವಾಪಸ್ ಬರುವಾಗ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದನ್ನು ತುಂಬುವುದು. ಕವಲು ಸಿಕ್ಕಿದರೆ ಆ ಕವಲಿನ ತುದಿ ಮುಟ್ಟಿ, ತುಂಬಿಕೊಂಡು ಬಂದು, ಆಮೇಲೆ ಮುಂದಕ್ಕೆ. ಬರುವಾಗ ಸೂಜಿ ಅದೇ ತೂತಿಗೇ ಇಳಿಯಬೇಕು, ಮೊದಲಿನ ದಾರವನ್ನು ಸೀಳಬಾರದು. ಅದಕ್ಕೇ ಮೊಂಡು ತುದಿಯ ಸೂಜಿ. ಎಲ್ಲೂ ಗಂಟು ಹಾಕಬೇಡಿ. ಬಾಲ ಬಿಟ್ಟು ಶುರುಮಾಡಿ, ಕೊನೆಗೆ ಅದನ್ನು ಹೊಲಿಗೆಯ ಒಳಗೇ ತೂರಿಸಿ. ಕಪ್ಪಿನ ಮೇಲೆ ತೂತು ಕಾಣಲ್ಲ ಅಲ್ವಾ? ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಹಗಲು ಬೆಳಕಿನಲ್ಲಿ ಕೂತರೆ ಕಾಣುತ್ತದೆ.

ಮದುವೆ ಹತ್ತಿರ ಇದ್ದರೆ ಇಡೀ ಸೀರೆ ತುಂಬಲು ಹೋಗಬೇಡಿ, ಸೆರಗಿನ ಪಕ್ಕದ ಸಾಲು ಸಾಕು. ಮೆಂತೆ ಹೊಲಿಗೆ (ಕ್ರಾಸ್ ಸ್ಟಿಚ್) ದಾರ ಜಾಸ್ತಿ ತಿನ್ನುತ್ತದೆ. ಕೆಂಪು ದಾರವನ್ನು ಒಂದೇ ಸಲ ತಗೊಳ್ಳಿ, ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಬದಲಾದರೆ ಬಣ್ಣ ಬೇರೆಯೇ ಕಾಣುತ್ತದೆ.