ಇರಾಕಿನ ಸ್ಫೋಟಕ ಕಾಣೆಯಾಗಿದ್ದು ಯಾವಾಗ?

ಪ್ರಶ್ನೆ: ಇರಾಕಿನ ಅಲ್ ಕಾಕಾ ಎಂಬ ಶಸ್ತ್ರಾಸ್ತ್ರ ಸಂಗ್ರಹಾಗಾರದಿಂದ ಸ್ಫೋಟಕ ಕಾಣೆಯಾಯಿತೆಂದು 2004ರ ಹಳೆಯ ಸುದ್ದಿಗಳಲ್ಲಿ ಓದಿದೆ. ಒಂದರಲ್ಲಿ 377 ಟನ್, ಇನ್ನೊಂದರಲ್ಲಿ 342. ಅಮೆರಿಕದ ಸೇನೆ ಬರುವ ಮೊದಲೇ ಹೋಗಿತ್ತು ಅಂತ ಕೆಲವರು, ಬಂದ ಮೇಲೆ ಲೂಟಿಯಾಯಿತು ಅಂತ ಕೆಲವರು. ಯಾವುದನ್ನು ನಂಬುವುದು?

ಉತ್ತರ: ಅಂಕಿ ಎರಡೂ ಸರಿ. 342 ಎನ್ನುವುದು ಸಾವಿರ ಕೆಜಿಯ ಟನ್ ಲೆಕ್ಕ. ಅಮೆರಿಕದ ಟನ್ ಸುಮಾರು 907 ಕೆಜಿ ಅಷ್ಟೇ, ಅದಕ್ಕೇ ಅಲ್ಲಿ 377 ಆಯಿತು.

ಯಾವಾಗ ಹೋಯಿತು ಎನ್ನುವುದೇ ಕಷ್ಟದ ಪ್ರಶ್ನೆ. ಅಲ್ಲಿದ್ದ ಎಚ್‌ಎಂಎಕ್ಸ್ ಅಣುಬಾಂಬಿಗೂ ಬಳಕೆಯಾಗುವ ಸ್ಫೋಟಕ. ಹಾಗಾಗಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಬಂಕರ್ ಬಾಗಿಲಿಗೆ ಸೀಲು ಹಾಕಿತ್ತು. 2003ರ ಮಾರ್ಚ್‌ನಲ್ಲಿ, ಯುದ್ಧಕ್ಕೆ ಕೆಲವೇ ದಿನ ಮೊದಲು, ಸೀಲುಗಳು ಹಾಗೇ ಇದ್ದವು. ಏಪ್ರಿಲ್ 10ರಂದು ಅಮೆರಿಕದ ಸೈನಿಕರ ಜೊತೆ ಎನ್‌ಬಿಸಿ ಎಂಬ ಅಲ್ಲಿನ ಟಿವಿ ವಾಹಿನಿಯ ತಂಡ ಅಲ್ಲಿಗೆ ಹೋಯಿತು. ಆಗಲೇ ಸ್ಫೋಟಕ ಇರಲಿಲ್ಲ ಎನ್ನುವ ಅರ್ಥದ ಸುದ್ದಿ ಮುಂದೆ ಬಂದಿದ್ದು ಇದರಿಂದ. ಆದರೆ ಅಂದು ಅಲ್ಲಿ ಯಾರೂ ಹುಡುಕಿರಲೇ ಇಲ್ಲ ಎಂದು ಅದೇ ತಂಡದಲ್ಲಿದ್ದವರು ಆಮೇಲೆ ಸ್ಪಷ್ಟಪಡಿಸಿದರು. ಹುಡುಕದೆ ಕಾಣಲಿಲ್ಲ ಅಂದರೆ ಅದು ಸಾಕ್ಷಿಯಾಗುತ್ತದೆಯೇ?

ಏಪ್ರಿಲ್ 18ರಂದು ಸೈನಿಕರ ಜೊತೆ ಹೋಗಿದ್ದ, ಅಮೆರಿಕದ ಮಿನ್ನೆಸೋಟ ರಾಜ್ಯದ ಟಿವಿ ತಂಡವೊಂದು ತೆಗೆದ ವಿಡಿಯೋ ನನಗೆ ಬಲವಾದ ಸಾಕ್ಷಿ. ಬಂಕರ್ ಬಾಗಿಲಿನ ತಂತಿಯಲ್ಲಿ ಪುಟ್ಟ ಸೀಲು ತೂಗುತ್ತಿದೆ. ಒಳಗೆ ಪುಡಿ ತುಂಬಿದ ಪೀಪಾಯಿಗಳು. ಹಾಗಾದರೆ ಒಂದಿಷ್ಟು ಎಚ್‌ಎಂಎಕ್ಸ್ ಆಗಲೂ ಅಲ್ಲೇ ಇತ್ತು ಎನ್ನಬೇಕಾಗುತ್ತದೆ.

ಹಾಗಂತ ಅಷ್ಟೂ ಟನ್ ಅಮೆರಿಕದವರ ಕಣ್ಣೆದುರೇ ಹೋಯಿತು ಎಂದೂ ಹೇಳಲಾಗದು. ಕಾಣೆಯಾದವುಗಳ ಪಟ್ಟಿಯಲ್ಲಿ ಆರ್‌ಡಿಎಕ್ಸ್ ಎಂಬ ಇನ್ನೊಂದು ಸ್ಫೋಟಕ 141 ಟನ್ ಇತ್ತು, ಅದರಲ್ಲಿ ಬಹುಪಾಲು ಇದ್ದದ್ದು ಬೇರೆ ಜಾಗದಲ್ಲಿ. ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಕೊಟ್ಟ, ಯುದ್ಧಕ್ಕೆ ಮೊದಲು ತೆಗೆದ ಉಪಗ್ರಹ ಚಿತ್ರದಲ್ಲಿ ಲಾರಿಗಳು ನಿಂತಿರುವುದು ಕಾಣುತ್ತದೆ, ಏನು ಹೇರಿದರು ಎನ್ನುವುದು ಕಾಣುವುದಿಲ್ಲ.

ಸುದ್ದಿ ಹೊರಬಂದಿದ್ದು 2004ರ ಅಕ್ಟೋಬರ್ 25ಕ್ಕೆ. ನವೆಂಬರ್ 2ಕ್ಕೆ ಅಮೆರಿಕದ ಅಧ್ಯಕ್ಷರ ಚುನಾವಣೆ. ಚರ್ಚೆಯೆಲ್ಲ ಅಧ್ಯಕ್ಷ ಬುಷ್ ಸರಿಯೋ ಅವರ ಎದುರಾಳಿ ಕೆರಿ ಸರಿಯೋ ಎನ್ನುವುದರ ಸುತ್ತ ತಿರುಗಿತು. ನನಗೆ ನೋವಾಗುವುದು ಇಲ್ಲೇ. ಸ್ಫೋಟಕ ಯಾರ ಕೈಸೇರಿತು, ಇರಾಕಿನ ರಸ್ತೆಗಳಲ್ಲಿ ಓಡಾಡುವ ಜನರ ಗತಿ ಏನು ಅಂತ ಕೇಳಿದವರು ಕಡಿಮೆ. ಏಪ್ರಿಲ್ 10ರಂದು ಅಲ್ಲಿ ತಂಗಿದ್ದ ದಳಕ್ಕೆ ಜಾಗ ಶೋಧಿಸುವ ಆದೇಶವೇ ಇರಲಿಲ್ಲ ಎಂದು ಅದರ ಅಧಿಕಾರಿ ಹೇಳಿದ್ದಾರೆ. 18ರಂದು ಸೈನಿಕರು ತೆರೆದ ಬಂಕರ್‌ಗಳಿಗೂ ಕಾವಲು ಹಾಕಿದ್ದು ಕಾಣಲಿಲ್ಲ ಎಂದು ಆ ಟಿವಿ ತಂಡದವರು ಹೇಳಿದ್ದಾರೆ.